‘ಉಪ್ಪಿನ ಅರಮನೆ’ಯ ಕೊನೆಯ ಕಂತು

"ನಾನು ಕದ್ದಿಲ್ಲ ಸೆಂಗಾ, ನಮ್ಮಪ್ಪನಾಣೆಗೂ ನಾನು ಕದ್ದಿಲ್ಲ!"

ಗುರುವಾರ ಬೆಳಿಗ್ಗೆ ನಂಟೆಜಾ ಸೆಂಗಾ ಅವರ ಹೊಸ್ತಿಲಲ್ಲಿ ಮಂಡಿಯೂರಿ ಕೂತು ನಬಿಸುಬಿ ಹೀಗೆ ಅಳುತ್ತಿದ್ದಾಗ ನಾನು ಅಂಗಳದಲ್ಲಿ ಬಾಡಿಗೆಗೆ ಜನರನ್ನು ಒಯ್ಯುವ ನನ್ನ ಬೈಕು ತೊಳೆಯುತ್ತಿದ್ದೆ. ಕಾಂಪಾಲಾದ ನತೇಟೆ ಪೇಟೆಯಲ್ಲಿ ಸೆಂಗಾ ಎಲ್ಲಿಗೆ ಹೊರಟರೂ ನನ್ನ ಬೈಕೇ ಆಗಬೇಕಿತ್ತು. ಹಿಂದೆ ಕೂತು ದಾರಿಯುದ್ದಕ್ಕೂ ನಾನು ಓಡಿಸುವ ರೀತಿಗೆ ಬೈಯುವುದು ಅವರ ಅಭ್ಯಾಸ. ಸೆಂಗಾ ಎಂದರೆ ಸೋದರತ್ತೆ. ಮದುವೆಯಾಗುವ ಹುಡುಗಿಗೆ ಬುದ್ಧಿ ಹೇಳಿ, ಗಂಡಿನ ಕಡೆಯವರ ಮುಂದೆ ಕರೆತರುವುದು ಅವರ ಪಾಲಿನ ಕೆಲಸ. ಪೇಟೆಯ ಅರ್ಧ ಹೆಣ್ಣುಮಕ್ಕಳಿಗೆ ಇವರೇ ಸೆಂಗಾ ಆಗಿದ್ದರಿಂದ, ಯಾರ ಮನೆಯಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಪೊಲೀಸರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ಕಳೆದುಹೋದ ಆಡಿನಿಂದ ಹಿಡಿದು ಓಡಿಹೋದ ಗಂಡನವರೆಗೆ ಎಲ್ಲವನ್ನೂ ಪತ್ತೆ ಮಾಡಿದ ಹೆಂಗಸು ಅವರು.

"ಅಳು ಸಾಕು. ಏನು ಕಳುವಾಯ್ತು, ಅದನ್ನ ಹೇಳು," ಎಂದರು ಸೆಂಗಾ.

"‘ಉಪ್ಪಿನ ಅರಮನೆ’ಯ ಕೊನೆ ಕಂತು!"

ನನ್ನ ಕೈಯಿಂದ ಬಕೆಟ್ಟು ಜಾರಿತು. ನೀವು ನಗಬಹುದು. ಆದರೆ ಫಿಲಿಪೀನ್ಸ್‌ನಿಂದ ಬಂದ ಆ ಧಾರಾವಾಹಿ ವರ್ಷವಿಡೀ ನಮ್ಮ ನಿದ್ದೆ ಕೆಡಿಸಿತ್ತು. ಸಮುದ್ರದಂಡೆಯ ದೊಡ್ಡ ಮನೆಯ ಮುದುಕ ಯಜಮಾನನಿಗೆ ವಿಷ ಹಾಕಿದವರು ಯಾರು? ಸಂತೆಯಲ್ಲಿ, ಸಲೂನಿನಲ್ಲಿ, ಬೈಕ್ ಸ್ಟ್ಯಾಂಡಿನಲ್ಲಿ ಅದೇ ಜಗಳ. ಕಾರು ಚಾಲಕನೇ ಹಾಕಿದ್ದು ಎಂದು ನಾನು ಎಷ್ಟು ಜನರೊಡನೆ ಮಾತು ಬಿಟ್ಟಿದ್ದೆನೋ ಲೆಕ್ಕವಿಲ್ಲ. ಬರಿಯ ಚಿತ್ರವನ್ನು ಯಾರು ಬೇಕಾದರೂ ಫೋನಿಗೆ ಇಳಿಸಿಕೊಳ್ಳಬಹುದಿತ್ತು, ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳೂ ಓಡುತ್ತಿದ್ದವು. ಆದರೆ ನಮಗೆ ಅದು ನೋಡಿದ ಲೆಕ್ಕವೇ ಅಲ್ಲ. ವಿಜೆ ಸೆನ್ನೋಗ ತನ್ನ ವಿಡಿಯೋ ಹಾಲಿನಲ್ಲಿ ಮೈಕು ಹಿಡಿದು, ಆ ಪಾತ್ರಗಳ ಮಾತನ್ನೆಲ್ಲ ನಮ್ಮ ಭಾಷೆಯಲ್ಲಿ ತಾನೇ ಆಡಿ, ತಾನೇ ಅತ್ತು, ತಾನೇ ಬೈದ ಮೇಲಷ್ಟೇ ಕಂತು ಮುಗಿಯಿತು ಎನ್ನಬಹುದಿತ್ತು.

ಆ ಸೆನ್ನೋಗನ ಗಂಟಲಿಗೆ ಈಗ ಕಾಯಿಲೆ ಬಂದಿತ್ತು. ಬಾಯಿ ಬಿಡಬೇಡ, ಚಿಕಿತ್ಸೆಯಾದ ಮೇಲೂ ದನಿ ಬರುತ್ತದೆಂಬ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಅದಕ್ಕೇ ಅವನು ಕೊನೆಯ ಕಂತಿಗೆ ಮೊದಲೇ ದನಿ ಕೊಟ್ಟು, ಬೆರಳುದ್ದದ ಪೆನ್‌ಡ್ರೈವಿಗೆ ತುಂಬಿ, ಹಾಲಿನ ಮೇಜಿನ ಮೇಲಿನ ಬೀಗದ ಡಬ್ಬಿಯಲ್ಲಿ ಇಟ್ಟಿದ್ದ. ಭಾನುವಾರ ತೋರಿಸುವುದೆಂದು ಪೇಟೆಗೆಲ್ಲ ಗೊತ್ತಿತ್ತು. ಈಗ ಆ ಪೆನ್‌ಡ್ರೈವೇ ಇಲ್ಲ.

"ಡಬ್ಬಿ ಬೀಗದ ಕೈ ಇರೋದು ಸೆನ್ನೋಗ ಅವರ ಹತ್ರ, ನನ್ನ ಹತ್ರ ಮಾತ್ರ," ಎಂದಳು ಹಾಲಿನಲ್ಲಿ ಟಿಕೆಟ್ ಕೊಡುವ ನಬಿಸುಬಿ. "ನಿನ್ನೆ ಬೀಗ ಹಾಕಿದ್ದು ನಾನೇ. ಇವತ್ತು ತೆಗೆದ್ರೆ ಖಾಲಿ. ಸೆನ್ನೋಗ ಎಲ್ಲರ ಮುಂದೆ ನನ್ನ ಕಡೆ ಬೆರಳು ತೋರಿಸಿದ್ರು. ಶನಿವಾರ ನನ್ನ ಕ್ವಾಂಜುಲಾ ಸೆಂಗಾ! ಗಂಡಿನ ಕಡೆಯೋರು ಆಗಲೇ ಹೇಳಿ ಕಳಿಸಿದ್ದಾರೆ, ಕಳ್ಳಿ ಅನ್ನೋ ಹೆಸರು ಹೋಗೋವರೆಗೂ ನಿಮ್ಮ ಅಂಗಳ ತುಳಿಯಲ್ಲ ಅಂತ."

ಕ್ವಾಂಜುಲಾ ಎಂದರೆ ಗಂಡಿನ ಕಡೆಯವರು ಬುಟ್ಟಿ ಹೊತ್ತು ಬಂದು ಹೆಣ್ಣು ಕೇಳುವ ಶಾಸ್ತ್ರ. ನಬಿಸುಬಿಯ ಮನೆ ಅಂಗಳಕ್ಕೆ ಚಪ್ಪರದ ಗಳಗಳೂ ಬಂದು ಬಿದ್ದಿದ್ದವು ಪಾಪ.

"ಬೀಗ ಹಾಕುವಾಗ ಪೆನ್‌ಡ್ರೈವ್ ಒಳಗೆ ಇತ್ತಾ?" ಎಂದು ಸೆಂಗಾ ಕೇಳಿದರು.

ನಬಿಸುಬಿ ಕಣ್ಣು ಕಣ್ಣು ಬಿಟ್ಟಳು. "ಇರ್ಲೇಬೇಕಲ್ವಾ... ನಾನು ನೋಡ್ಲಿಲ್ಲ. ಮುಚ್ಚಳ ಹಾಕಿ ಬೀಗ ಒತ್ತಿದೆ ಅಷ್ಟೆ."

ಬುಧವಾರ ಮಧ್ಯಾಹ್ನ ಕೊನೆಯದಕ್ಕಿಂತ ಹಿಂದಿನ ಕಂತು ಮುಗಿದಿತ್ತು. ಅದಕ್ಕೂ ಸೆನ್ನೋಗ ಮೊದಲೇ ದನಿ ಕೊಟ್ಟಿದ್ದರಿಂದ ಅದೇ ಡಬ್ಬಿಯಿಂದ ತೆಗೆದು ಹಾಕಿದ್ದರು. ಸೆನ್ನೋಗ ಆಸ್ಪತ್ರೆಗೆ ಹೋಗಿದ್ದ. ಜನ ಚದುರಿದ ಮೇಲೂ ಮೂವರು ವಾದ ಮಾಡುತ್ತ ಒಳಗೇ ಕೂತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯಿಲ್ಲದ ತಗಡಿನ ಹಾಲು ಹಗಲಲ್ಲೂ ಕಗ್ಗತ್ತಲೆ. ಮೇಜಿನ ಮೇಲೆ ಡಬ್ಬಿ ತೆರೆದೇ ಇದ್ದಾಗ ನಬಿಸುಬಿ ಹಿತ್ತಲಿಗೆ ಹೋಗಿ ಜನರೇಟರ್ ಹೊಡೆದು ಬಂದಿದ್ದಳು.

"ಹಾಗಾದ್ರೆ ಕದ್ದಿದ್ದು ಬೀಗ ತೆಗೆದಲ್ಲ, ಬೀಗ ಹಾಕೋಕೆ ಮುಂಚೆ," ಎಂದು ಸೆಂಗಾ ಎದ್ದು ನಿಂತರು. "ಲುಟಾಯ, ಬೈಕ್ ತೆಗಿ. ಮೆಲ್ಲಗೆ ಓಡಿಸು, ನನ್ನ ಹೆಣ ಹೊರೋಕೆ ಇನ್ನೂ ಟೈಮಿದೆ."

ಮೊದಲು ಸೆನ್ನೋಗನ ಬಳಿ ಹೋದೆವು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬೆಂಚಿನ ಮೇಲೆ ಕುಸಿದಿದ್ದ. ಅವನು ಪಿಸುಗುಟ್ಟಿದ್ದನ್ನು ನಾನು ಕಿವಿಯಿಟ್ಟು ಕೇಳಿ ಸೆಂಗಾಗೆ ಹೇಳಬೇಕಾಯಿತು.

"ಇನ್ನೊಂದ್ಸಲ ದನಿ ಕೊಡೋಕೆ ನನ್ನ ಕೈಲಿ ಆಗಲ್ಲ ಸೆಂಗಾ. ಅದ್ರಲ್ಲಿರೋದೇ ನನ್ನ ಕೊನೆ ದನಿ ಇರಬಹುದು."

"ಅದರಲ್ಲಿ ಬರೀ ಪರದೆ ಮೇಲಿನ ಜನ ಆಡಿದ ಮಾತಿತ್ತೋ, ನಿನ್ನ ಮಾತೂ ಇತ್ತೋ?"

ಸೆನ್ನೋಗ ಸೊರಗಿದ ಮುಖದಲ್ಲೂ ನಕ್ಕ. "ಪರದೆ ಮೇಲೆ ಯಾರಾದ್ರೂ ಸುಮ್ಮನಿದ್ರೆ ನಂಗೆ ತಡಿಯೋಕಾಗಲ್ಲ. ಕಾಸು ಕೊಟ್ಟು ಬಂದೋರನ್ನ ಸುಮ್ನೆ ಕೂರಿಸ್ತೀನಾ?"

ಇದಕ್ಕೂ ಕಳ್ಳತನಕ್ಕೂ ಏನು ಸಂಬಂಧವೆಂದು ನನಗೆ ತಲೆಬುಡ ಹತ್ತಲಿಲ್ಲ. ಮುಂದಿನದು ಇನ್ನೂ ವಿಚಿತ್ರ. ಕತ್ತಲಲ್ಲಿ ಕೂತಿದ್ದ ಆ ಮೂವರನ್ನು ಸೆಂಗಾ ಕೇಳಿದ್ದು ಒಂದೇ ಪ್ರಶ್ನೆ: ‘ಉಪ್ಪಿನ ಅರಮನೆ’ ಕೊನೆಗೆ ಏನಾಗುತ್ತದೆ? ಎಲ್ಲಿ ಕೂತಿದ್ದೆ, ಯಾರು ಎದ್ದರು, ಯಾವುದನ್ನೂ ಕೇಳಲಿಲ್ಲ. ಒಂದು ಹುಡುಗಿಯ ಮದುವೆ ಮುರಿಯುತ್ತಿರುವಾಗ ಇವರು ಧಾರಾವಾಹಿ ಹರಟೆಗೆ ಕೂತರಲ್ಲ ಎಂದು ನನಗೆ ಸಿಟ್ಟೇ ಬಂತು.

ಸಂತೆಯಲ್ಲಿ ಟೊಮೆಟೊ ಮಾರುವ ಟೆಂಡೋನ ಅಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಅಡುಗೆಯೋಳೇ ವಿಷ ಹಾಕಿದ್ದು, ಬರೆದಿಟ್ಕೊಳ್ಳಿ! ಫೋನಲ್ಲಿ ನೋಡಿದ್ಯಾ ಅಂತೀರಾ? ಸೆನ್ನೋಗ ಇಲ್ಲದೆ ನೋಡೋದು ಉಪ್ಪಿಲ್ಲದ ಬಾಳೆಕಾಯಿ ಮಟೋಕೆ ತಿಂದಂಗೆ. ನಂಗೆ ಬೇಡಪ್ಪ."

ಎದುರು ಬೀದಿಯ ಇನ್ನೊಂದು ವಿಡಿಯೋ ಹಾಲಿನ ಒಡೆಯ ಕಿರುಮಿರನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅವನಿಗೆ ಸೆನ್ನೋಗನ ಹಾಲಿನಲ್ಲೇನು ಕೆಲಸ?

"ಜನ ಎಷ್ಟು ಬರ್ತಾರೆ ನೋಡೋಕೆ ಹೋಗಿದ್ದೆ, ತಪ್ಪಾ?" ಎಂದ ಅವನು. "ಕೊನೆ ಕಂತು ಫೋನಲ್ಲಿ ನೋಡ್ದೆ. ಚಿಕ್ಕಮ್ಮನೇ ವಿಷ ಹಾಕಿದ್ದು. ಅವಳನ್ನ ಹಿಡ್ಕೊಂಡು ಹೋಗ್ತಾರೆ, ಮಾಲಿ ಬಂದು ಗೇಟು ಮುಚ್ತಾನೆ, ಮುಗೀತು. ಒಳ್ಳೆ ಸಪ್ಪೆ! ನಮ್ಮ ಹಾಲಿನ ವಿಜೆ ಇನ್ನೂ ಅದಕ್ಕೆ ದನಿ ಕೊಟ್ಟಿಲ್ಲ, ಬೇರೆ ಯಾರೂ ಕೊಟ್ಟಿಲ್ಲ."

ಚಿಕ್ಕಮ್ಮ ಎಂದು ಕೇಳಿ ನನ್ನ ತಲೆ ಗಿರ್ ಎಂದಿತು. ಕಾರು ಚಾಲಕನನ್ನು ನಂಬಿ ಕೆಟ್ಟೆನಲ್ಲ!

ಮೂರನೆಯವರು ಸಾಲೊಂಗೊ ಕಿಬೂಲೆ. ಅವಳಿ ಮಕ್ಕಳ ತಂದೆಯಾದ್ದರಿಂದ ಎಲ್ಲರೂ ಗೌರವದಿಂದ ಸಾಲೊಂಗೊ ಎನ್ನುತ್ತಿದ್ದರು. ಪೇಟೆಗೆ ದೊಡ್ಡ ಮಾತುಗಾರರು. ಯಾವ ಧಾರಾವಾಹಿಯಲ್ಲಾದರೂ ಮುಂದೆ ಏನಾಗುತ್ತದೆಂದು ಅವರು ಹೇಳಿದರೆ ಅದೇ ಆಗುತ್ತಿತ್ತು. ಕ್ವಾಂಜುಲಾದಲ್ಲಿ ಹೆಣ್ಣಿನ ಮನೆಯ ಪರವಾಗಿ ಮಾತಾಡಬೇಕಾಗಿದ್ದವರೂ ಅವರೇ. ಆ ದಿನ ಮಾತ್ರ ಅವರ ದನಿಯಲ್ಲಿ ಕಸುವಿರಲಿಲ್ಲ.

"ಶನಿವಾರಕ್ಕೆ ಬೇರೆ ಮಾತುಗಾರನ್ನ ನೋಡ್ಕೊಳ್ಳಿ ಸೆಂಗಾ. ನನ್ನ ಕೈಲಾಗಲ್ಲ."

"ಅದಿರಲಿ. ‘ಅರಮನೆ’ ಕೊನೆಗೆ ಏನಾಗುತ್ತೆ?"

ಧಾರಾವಾಹಿಯ ಹೆಸರು ಎತ್ತಿದ್ದೇ ಅವರ ಮುಖ ಅರಳಿತು. "ವಿಷ ಹಾಕಿದ್ದು ವಕೀಲ ಅಂತ ಹೇಳ್ತಿದ್ದೆನಲ್ಲ, ಅದು ತಪ್ಪು. ಚಿಕ್ಕಮ್ಮ! ನಿನ್ನೆ ಮಗಳ ಫೋನಲ್ಲಿ ನೋಡ್ದೆ. ವಿಷದ ವಿಷ್ಯ ಬಿಡಿ, ನನ್ನ ಕರುಳು ಹಿಂಡಿದ್ದು ಆ ಮಾಲಿ. ಗೇಟು ಮುಚ್ತಾ ಹೇಳ್ತಾನೆ, ‘ಇಷ್ಟು ದಿನ ನಾನು ಮಾತಾಡ್ದೆ, ಇನ್ನು ನೀವು ಮಾತಾಡಿ’ ಅಂತ. ಅಳು ಬಂದ್ಬಿಡ್ತು."

ನನಗೂ ಕಣ್ಣು ತೇವವಾಯಿತು. ಆ ಮಾಲಿ ನಮ್ಮೆಲ್ಲರಿಗೂ ಅಚ್ಚುಮೆಚ್ಚು. ಹುಲ್ಲಿನ ಟೋಪಿ ಮುಖದ ಮೇಲೆ ಎಳೆದುಕೊಂಡು ಗಿಡಗಳ ನಡುವೆ ಬಗ್ಗಿ ಕೂತು, ಮನೆಯವರನ್ನೆಲ್ಲ ಗೇಲಿ ಮಾಡುವ ಬಾಯಿಬಡುಕ.

ಹೊರಗೆ ಬಂದು, ಮಾವಿನ ಮರದಡಿ ಸೆಂಗಾ ನನ್ನ ಫೋನಿಗೆ ಕೊನೆಯ ಕಂತು ಇಳಿಸಿಕೊಳ್ಳಲು ಹೇಳಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಚಿಕ್ಕಮ್ಮನ ಗುಟ್ಟು ಬಯಲಾಯಿತು, ಪೊಲೀಸರು ಬಂದರು, ಮಾಲಿ ಗೇಟು ಮುಚ್ಚಿದ. ಸಮುದ್ರದ ಸದ್ದು. ಆಗ ಅಡಿಯಲ್ಲಿ ಅಕ್ಷರಗಳೂ ಓಡಲಿಲ್ಲ. ನಮ್ಮ ಬಾಯಿಬಡುಕ ಮಾಲಿ ಬಾಯೇ ಬಿಡಲಿಲ್ಲ.

"ಫೋನ್ ಕೆಟ್ಟೋಯ್ತು ಸೆಂಗಾ," ಎಂದು ನಾನು ಅದನ್ನು ಅಂಗೈಗೆ ಬಡಿದೆ.

"ಕೆಟ್ಟಿರೋದು ಫೋನಲ್ಲ, ನಿನ್ನ ತಲೆ," ಎಂದು ಅವರು ನಕ್ಕರು. "ಸೆನ್ನೋಗನ ಹತ್ರ ಹೋಗಿ ಒಂದು ಮಾತು ಕೇಳ್ಕೊಂಡು ಬಾ. ಗೇಟು ಮುಚ್ಚುವಾಗ ಮಾಲಿ ಏನಂತಾನೆ ಅಂತ. ನಾನು ಹೇಳೋವರೆಗೂ ಯಾರ ಮುಂದೂ ಬಾಯಿ ಬಿಡಬೇಡ."

ಸೆನ್ನೋಗ ಪಿಸುಗುಟ್ಟಿದ ಮಾತು ಕೇಳಿ ನನ್ನ ಗೊಂದಲ ಇಮ್ಮಡಿಯಾಯಿತು. ಸಾಲೊಂಗೊ ಹೇಳಿದ್ದನ್ನೇ ಅವನೂ ಹೇಳಿದ್ದ. ಹಾಗಾದರೆ ನನ್ನ ಫೋನೇ ಕೆಟ್ಟಿರಬೇಕೆಂದು ನಾನು ಆ ಸಂಜೆ ರಿಪೇರಿಯವನ ಬಳಿಗೂ ಹೋಗಿ ಬೈಸಿಕೊಂಡು ಬಂದೆ.

ಶುಕ್ರವಾರ ಮಧ್ಯಾಹ್ನ ಸೆಂಗಾ ಎಲ್ಲರನ್ನೂ ವಿಡಿಯೋ ಹಾಲಿಗೆ ಕರೆಸಿದರು. ಮುಂದಿನ ಬೆಂಚಿನಲ್ಲಿ ಆ ಮೂವರು, ಪಕ್ಕದಲ್ಲಿ ಸೆನ್ನೋಗ. ಬಾಗಿಲ ಬಳಿ ತಲೆ ತಗ್ಗಿಸಿಕೊಂಡು ನಬಿಸುಬಿ. ಗಂಡಿನ ಸೋದರಮಾವನೂ ಬಂದು ಮುಖ ಗಂಟಿಕ್ಕಿಕೊಂಡು ಕೂತಿದ್ದ.

ಸೆಂಗಾ ಹೇಳಿದಂತೆ ನಾನು ಫೋನಿನಲ್ಲಿದ್ದ ಬರಿಯ ಕಂತಿನ ಕೊನೆಯ ಭಾಗವನ್ನು ಟೀವಿಗೆ ಹಾಕಿದೆ. ಗೇಟು ಮುಚ್ಚಿತು. ಸಮುದ್ರ ಮೊರೆಯಿತು.

"ಇದೇನ್ರೀ, ಮಾಲಿ ಮಾತೇ ಆಡ್ಲಿಲ್ಲ?" ಎಂದಳು ಟೆಂಡೋನ ಅಮ್ಮ.

"ಆಡೋದೇ ಇಲ್ಲಮ್ಮ. ಆ ಮಾಲಿ ಮೂಗ," ಎಂದರು ಸೆಂಗಾ.

ಹಾಲಿನಲ್ಲಿ ಗುಲ್ಲೆದ್ದಿತು. ಮೂಗನಾ? ವರ್ಷವಿಡೀ ನಮ್ಮನ್ನು ನಗಿಸಿದವನು ಮೂಗನಾ? ಸೆನ್ನೋಗ ಮಾತ್ರ ನೆಲ ನೋಡುತ್ತ ಮುಗುಳ್ನಗುತ್ತಿದ್ದ.

"ಅವನ ಮುಖದ ಮೇಲೆ ಸದಾ ಟೋಪಿ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಅವನ ಬಾಯಿಂದ ಬಂದಿದ್ದೆಲ್ಲ ಸೆನ್ನೋಗನ ಮಾತು," ಎಂದು ಸೆಂಗಾ ಮುಂದುವರಿಸಿದರು. "ಈಗ ಕೇಳಿ. ನಬಿಸುಬಿ ಡಬ್ಬಿ ಒಳಗೆ ನೋಡದೆ ಬೀಗ ಹಾಕಿದ್ಲು. ಅಂದ್ರೆ ಕಳ್ಳತನ ಆಗಿದ್ದು ಕರೆಂಟು ಹೋದಾಗ, ಇಲ್ಲಿದ್ದ ಮೂವರಲ್ಲಿ ಒಬ್ಬರಿಂದ. ಕದ್ದೋರು ಅದನ್ನ ಕೇಳದೆ ಇರೋಕೆ ಸಾಧ್ಯನಾ? ಕೇಳಿದೋರು ಅದರ ಬಗ್ಗೆ ಮಾತಾಡದೆ ಇರೋಕೆ ಸಾಧ್ಯನಾ? ಅದಕ್ಕೇ ನಾನು ಕಳ್ಳತನದ ಸುದ್ದಿ ಎತ್ತದೆ ಕತೆ ಕೇಳ್ದೆ. ಟೆಂಡೋ ಅಮ್ಮ ನೋಡೇ ಇಲ್ಲ. ಕಿರುಮಿರ ನೋಡಿದ್ದು ಬರೀ ಚಿತ್ರ, ಅದಕ್ಕೇ ಅವನಿಗೆ ಸಪ್ಪೆ ಅನ್ನಿಸ್ತು. ಮೂರನೆಯವರಿಗೆ ಮಾತ್ರ ಮಾಲಿಯ ಮಾತು ಕೇಳಿಸಿದೆ. ಲುಟಾಯ, ಸೆನ್ನೋಗ ಮಾಲಿ ಬಾಯಲ್ಲಿ ಏನು ಹೇಳಿಸಿದ್ನಂತೆ?"

"‘ಇಷ್ಟು ದಿನ ನಾನು ಮಾತಾಡ್ದೆ, ಇನ್ನು ನೀವು ಮಾತಾಡಿ,’" ಎಂದೆ. ಆಗಷ್ಟೇ ನನ್ನ ಮಂದ ತಲೆಗೆ ಬೆಳಕು ಹರಿದದ್ದು.

"ಅದು ಮಾಲಿ ಮಾತಲ್ಲ ಸಾಲೊಂಗೊ. ದನಿ ಹೋಗ್ತಿರೋ ಮನುಷ್ಯ ತನ್ನ ಜನಕ್ಕೆ ಹೇಳಿದ ಕೊನೆ ಮಾತು. ಅದು ಈ ಲೋಕದಲ್ಲಿ ಇರೋದು ಒಂದೇ ಕಡೆ."

ಸಾಲೊಂಗೊ ಕೋಟಿನ ಒಳಜೇಬಿನಿಂದ ಪೆನ್‌ಡ್ರೈವ್ ತೆಗೆದು ಬೆಂಚಿನ ಮೇಲಿಟ್ಟರು.

"ವಕೀಲನೇ ಕೊಲೆಗಾರ ಅಂತ ಪೇಟೆಗೆಲ್ಲ ಹೇಳಿಬಿಟ್ಟಿದ್ದೆ," ಎಂದರು. "ಫೋನಲ್ಲಿ ಏನೇ ಇರ್ಲಿ, ಪೇಟೆ ನಂಬೋದು ಸೆನ್ನೋಗನ ಮಾತನ್ನೇ. ಅವನು ಹೇಗೆ ಮುಗಿಸ್ತಾನೋ ಮೊದಲೇ ತಿಳ್ಕೊಂಡ್ರೆ ಮಾತು ತಿರುಗಿಸ್ಕೋಬಹುದು ಅನ್ಕೊಂಡೆ. ನಿನ್ನೆ ಬೆಳಿಗ್ಗೆ ವಾಪಸ್ ಇಡೋಣ ಅಂತ ಬಂದ್ರೆ ಆಗಲೇ ಜನ ಸೇರಿದ್ರು, ಹುಡುಗಿನ ಕಳ್ಳಿ ಅಂತಿದ್ರು. ನನ್ನ ನಾಲಿಗೆ ಏಳ್ಲೇ ಇಲ್ಲ."

"ಊರಿಗೆಲ್ಲ ಮಾತಾಡೋ ನಾಲಿಗೆ!" ಎಂದು ನಾನು ರೇಗಿದೆ. ಒಂದು ಊಹೆಯ ಮರ್ಯಾದೆಗಾಗಿ ಒಬ್ಬ ಹುಡುಗಿಯ ಬಾಳು ಬೀದಿಗೆ ಬರುವುದನ್ನು ನೋಡುತ್ತ ಕೂತ ಮನುಷ್ಯ! ಸೆಂಗಾ ನನ್ನ ಭುಜ ಅದುಮಿ ಕೂರಿಸಿದರು.

ಸೆನ್ನೋಗ ಎದ್ದು ಹೋಗಿ ನಬಿಸುಬಿಯ ಎರಡೂ ಕೈ ಹಿಡಿದುಕೊಂಡ. ಅವನ ಪಿಸುಮಾತು ನಮಗಾರಿಗೂ ಕೇಳಿಸಲಿಲ್ಲ. ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಗಂಡಿನ ಸೋದರಮಾವ ಗಂಟಲು ಸರಿಮಾಡಿಕೊಂಡ.

"ನಮ್ಮ ತಪ್ಪಾಯ್ತು ತಾಯಿ. ಆದ್ರೆ ನಮ್ಮ ಕಡೆ ಮುನ್ನೂರು ಜನ ಆ ಸುದ್ದಿ ಕೇಳಿದ್ದಾರೆ. ಅವರಿಗೆಲ್ಲ ಯಾರು ಹೇಳೋದು?"

"ಪೊಲೀಸರಿಗೆ ಹೇಳೋಣ," ಎಂದ ಕಿರುಮಿರ.

"ಬೇಡ," ಎಂದಳು ನಬಿಸುಬಿ. ಅವಳು ನೇರವಾಗಿ ಸಾಲೊಂಗೊ ಅವರ ಮುಂದೆ ಬಂದು ನಿಂತಳು, ಹಿರಿಯರ ಮುಂದೆ ನಮ್ಮ ಹೆಣ್ಣುಮಕ್ಕಳು ಊರುವಂತೆ ಮಂಡಿಯೂರಲಿಲ್ಲ. "ನಾಳೆ ನಮ್ಮ ಮನೆ ಮಾತುಗಾರರು ನೀವೇ. ಬೇರೆಯೋರು ಬೇಡ. ಮೊದಲನೇ ಮಾತು ಮಾತ್ರ ನಾನು ಹೇಳಿದ್ದನ್ನೇ ಆಡ್ಬೇಕು."

ಮರುದಿನ ಚಪ್ಪರದಡಿ ಗಂಡಿನ ಕಡೆಯವರು ಬುಟ್ಟಿಗಳನ್ನಿಳಿಸಿ ಕೂತರು. ಬಿಳಿ ನಿಲುವಂಗಿ ತೊಟ್ಟ ಸಾಲೊಂಗೊ ಮೈಕಿನ ಮುಂದೆ ನಿಂತರು. ಯಾವಾಗಲೂ ನಗೆಚಾಟಿಕೆಯಿಂದ ಶುರು ಮಾಡುವವರು ಅವರು, ಜನ ಆಗಲೇ ನಗಲು ತಯಾರಾಗಿದ್ದರು. ಅವರು ನಬಿಸುಬಿಯ ಕಡೆ ತಿರುಗಿದರು. ಎಲ್ಲರೆದುರು, ತಮ್ಮ ಮಗಳ ವಯಸ್ಸಿನ ಹುಡುಗಿಗೆ ಎರಡೂ ಮಂಡಿಯೂರಿದರು.

"ಇಷ್ಟು ದಿನ ಈ ಹುಡುಗಿ ಬಗ್ಗೆ ಊರು ಮಾತಾಡ್ತು," ಎಂದರು. "ಇವತ್ತು ನಾನು ಮಾತಾಡ್ತೀನಿ. ಕದ್ದಿದ್ದು ನಾನು."

ಸೆನ್ನೋಗ ನನ್ನ ಪಕ್ಕದಲ್ಲೇ ಕೂತಿದ್ದ. ದನಿಯಿಲ್ಲದ ಅವನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.