ನಮ್ಮೂರು ಬಂತು, ಇಳೀರಿ

"ಇದು ನನ್ನ ಸೀಟು."

ಅವಳು ತಲೆಯೆತ್ತಲಿಲ್ಲ. ಬೇಯಿಸಿದ ಮೊಟ್ಟೆಯ ಸಿಪ್ಪೆ ಅರ್ಧ ಸುಲಿದಿತ್ತು. ಉಳಿದರ್ಧವನ್ನು ಉಗುರಿನಿಂದ ಬಿಡಿಸುತ್ತಲೇ ಹೇಳಿದಳು, "ಗೊತ್ತು. ಊಟ ಮುಗಿಸಿ ಇಳಿದುಬಿಡ್ತೀವಿ."

"ಇಳೀತೀರಾ? ರೈಲು ಇನ್ನೂ ಹೊರಟೇ ಇಲ್ವಲ್ಲ?"

"ಅದಕ್ಕೇ ಈಗ ಇಳಿಯೋದು," ಎದುರು ಸೀಟಿನಿಂದ ಅವಳ ತಮ್ಮ ಬಾಯಿ ಹಾಕಿದ. "ಹೊರಟ ಮೇಲೆ ಇಳಿದ್ರೆ ಕಾಲು ಮುರಿಯುತ್ತೆ."

ಆಗ ಅವಳು ತಲೆಯೆತ್ತಿ ನೋಡಿದಳು. ಸೀಟು ಕೇಳಿದವನ ಹೆಗಲಲ್ಲಿ ಭಾರದ ಉಪಕರಣಗಳ ಚೀಲ, ಉಗುರಿನ ಅಂಚಿನಲ್ಲಿ ಗ್ರೀಸಿನ ಕಪ್ಪು. ಸಿಟ್ಟು ಬರಬೇಕಾಗಿದ್ದ ಮುಖದಲ್ಲಿ ಬರೀ ಗೊಂದಲವಿತ್ತು.

"ಎಷ್ಟು ಹೊತ್ತು ನಿಂತಿರ್ತೀಯಪ್ಪ, ಕೂತ್ಕೋ," ಎಂದಳು ಅಮ್ಮ. "ಒಂದು ಮೊಟ್ಟೆ ತಗೋ. ಉಪ್ಪು ಆ ಪೊಟ್ಟಣದಲ್ಲಿದೆ."

ತನ್ನದೇ ಸೀಟಿನ ಅಂಚಿನಲ್ಲಿ ಅವನು ನೆಂಟನ ಹಾಗೆ ಕುಳಿತ. ಕಿಟಕಿಯಾಚೆ ಸರಕು ಗೋದಾಮಿನ ತಗಡಿನ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಮ್ಮ ಆ ಗೋಡೆಯನ್ನೇ ನೋಡುತ್ತ ಹೇಳಿದಳು, "ನದಿ ಬಂತು."

"ಈ ಸಲ ನೀರು ಕಮ್ಮಿ," ಎಂದ ತಮ್ಮ.

ಅವನು ಒಮ್ಮೆ ಗೋಡೆಯನ್ನು ನೋಡಿದ, ಒಮ್ಮೆ ಇವರನ್ನು. 'ನಗುತ್ತಾನೆ, ಇಲ್ಲವಾದರೆ ಎದ್ದು ಹೋಗುತ್ತಾನೆ' ಎಂದುಕೊಂಡಳು ಅವಳು. ಅಲ್ಲಿಯವರೆಗೆ ಎಲ್ಲರೂ ಹಾಗೇ ಮಾಡಿದ್ದರು.

ಅವನು ಮೊಟ್ಟೆಯನ್ನು ಉಪ್ಪಿನಲ್ಲಿ ಅದ್ದಿ, ಮೆಲ್ಲಗೆ ಹೇಳಿದ, "ಸೇತುವೆ ತುಂಬಾ ಉದ್ದ ಇದೆ."

ಅವಳ ಎದೆಯೊಳಗೆ ಏನೋ ಒಂದು ತನ್ನ ಜಾಗ ಬಿಟ್ಟು ಸರಿದ ಹಾಗಾಯಿತು.

ಸೀಟಿ ಕೇಳಿಸಿತು. ಅವಳು ಡಬ್ಬಿಗಳನ್ನು ಸರಸರನೆ ಮುಚ್ಚುತ್ತ, ಅಪ್ಪ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು, "ನಮ್ಮೂರು ಬಂತು, ಇಳೀರಿ."

ಮೂವರೂ ಇಳಿದರು. ರೈಲು ಕದಲಿತು. ಅಮ್ಮ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವನಿಗೆ ಕೈ ಬೀಸಿದಳು. ಅವನು ಕಿಟಕಿಯಲ್ಲಿ ಎದ್ದು ನಿಂತ. ಕಣ್ಮರೆಯಾಗುವವರೆಗೂ ಕೂರಲಿಲ್ಲ.

ಈ ರೈಲಿನಾಟ ಕಟ್ಟಿದ್ದು ಅಪ್ಪ.

ಅಪ್ಪ ವಾಹನಗಳ ಸೀಟು ಹೊಲಿಯುತ್ತಿದ್ದವರು. ಮಕ್ಕಳಿಗೆ ರಜೆ ಬಂದಾಗಲೆಲ್ಲ ಮನೆಯಲ್ಲಿ ಸಮುದ್ರದ ಮಾತು ಏಳುತ್ತಿತ್ತು. ಅಲ್ಲಿಗೆ ನೇರ ರೈಲಿತ್ತು, ಅದು ಹೊರಡುವುದೂ ಇವರ ಊರಿಂದಲೇ. ಅಪ್ಪ ಕೌಂಟರಿನವರೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು. ಒಬ್ಬರಿಗಾದರೆ ಹೇಗೋ ಆದೀತು. ನಾಲ್ವರು ಹೋಗಿ ಬರುವುದೆಂದರೆ ಅವರ ಒಂದು ತಿಂಗಳ ದುಡಿಮೆ ಇಡಿಯಾಗಿ ರೈಲು ಹತ್ತಿಬಿಡುತ್ತಿತ್ತು.

"ಅರ್ಧ ಟಿಕೆಟ್ ಮಕ್ಕಳು ನೋಡನೋಡ್ತಾ ಪೂರ್ತಿ ಟಿಕೆಟ್ ಆಗ್ತಿದ್ದಾರೆ. ಸ್ವಲ್ಪ ನಿಧಾನಕ್ಕೆ ಬೆಳೀರಪ್ಪ," ಎಂದು ನಗುತ್ತಿದ್ದರು.

ಒಂದು ರಜೆಯಲ್ಲಿ ಅಪ್ಪ ಎಲ್ಲರಿಗೂ ಒಳ್ಳೆಯ ಬಟ್ಟೆ ಹಾಕಿಸಿದರು. ಬ್ರೆಡ್ಡು, ಮೊಟ್ಟೆ, ಕಿತ್ತಳೆ ಕಟ್ಟಿಸಿದರು. ನಾಲ್ಕು ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡರು. ರೈಲು ಹೊರಡುವ ಮುಂಚೆ ಬಹಳ ಹೊತ್ತು ಖಾಲಿ ನಿಂತಿರುತ್ತಿತ್ತು. ಅದರೊಳಗೆ ಹತ್ತಿ, ಸೀಟನ್ನು ಹೆಬ್ಬೆರಳಿಂದ ಒತ್ತಿ ನೋಡಿ, "ಇದನ್ನ ಹೊಲಿದವನಿಗೆ ಆವತ್ತು ಹೆಂಡತಿ ಮೇಲೆ ಸಿಟ್ಟಿತ್ತು. ಎಷ್ಟು ಬಿಗಿ ಎಳೆದಿದ್ದಾನೆ ನೋಡಿ," ಎಂದರು. ಆಮೇಲೆ ತಗಡಿನ ಗೋಡೆಯ ಮೇಲೆ ಒಂದೊಂದಾಗಿ ಊರುಗಳನ್ನು ತೋರಿಸಿದರು. ಅಂದಿನಿಂದ ಪ್ರತಿ ರಜೆಗೂ ಅದೇ ಆಟವಾಯಿತು. ಅಮ್ಮ ಪ್ರತಿ ಸಲವೂ ನದಿಯನ್ನೇ ಹೇಳುತ್ತಿದ್ದಳು. ತಮ್ಮನಿಗೆ ಬರೀ ಎಮ್ಮೆಗಳು ಕಾಣುತ್ತಿದ್ದವು.

ಕಿಟಕಿ ಬಿಡದೆ ಕೂರುತ್ತಿದ್ದವಳು ಅವಳು. ಹಾಗಾಗಿ ಅಪ್ಪನ ಬಾಯಲ್ಲಿ ಅವಳ ಹೆಸರೇ 'ಕಿಟಕಿ' ಎಂದಾಯಿತು.

ಅಪ್ಪ ತೀರಿಕೊಂಡು ಈಗ ಕೆಲವು ವರ್ಷಗಳಾಗಿದ್ದವು. ಅವಳು ಫೋಟೋ ಫ್ರೇಮಿನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದಳು. ತಮ್ಮ ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಿದ್ದ. ಇಬ್ಬರೂ ದುಡಿಯುತ್ತಿದ್ದರು, ನಿಜ. ಟಿಕೆಟ್ಟಿನ ಬೆಲೆಯೂ ಅವರ ಜೊತೆಜೊತೆಗೇ ಬೆಳೆದು ದೊಡ್ಡದಾಗಿತ್ತು.

ಆಟ ಮಾತ್ರ ನಿಲ್ಲಲಿಲ್ಲ. ಅಪ್ಪ ಇನ್ನೂ ಬದುಕಿರುವ ಒಂದೇ ಜಾಗ ಆ ಬೋಗಿ ಎಂದು ಅವಳು ನಂಬಿದ್ದಳು.

ನಾಲ್ಕು ದಿನಗಳ ನಂತರ ಅಂಗಡಿಯ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಅವರು ಮರೆತುಬಂದಿದ್ದ ಬಟ್ಟೆ ಚೀಲವಿತ್ತು. ಚೀಲದ ಮೇಲೆ ಅಂಗಡಿಯ ವಿಳಾಸವಿತ್ತು.

"ಡಬ್ಬಿ ಮುಚ್ಚಳ ಒಳಗಿದೆ. ಎರಡು ಕಿತ್ತಳೆ ಇತ್ತು… ತಿಂದುಬಿಟ್ಟೆ."

"ಸೀಟಿನ ಬಾಡಿಗೆ ಅಂದ್ಕೊಳ್ಳಿ," ಎಂದಳು. ಇಬ್ಬರೂ ನಕ್ಕರು.

ಅವನು ಲಿಫ್ಟ್ ಮೆಕ್ಯಾನಿಕ್. ಪ್ರತಿ ಸೋಮವಾರ ಅದೇ ರೈಲಿನಲ್ಲಿ ಊರೂರಿಗೆ ಲಿಫ್ಟ್ ರಿಪೇರಿಗೆ ಹೋಗಿ ವಾರದ ಕೊನೆಗೆ ಮರಳುತ್ತಿದ್ದ. ಟಿಕೆಟ್ ಕಂಪನಿಯದು. ಹೆಚ್ಚು ಮಾತನಾಡುವವನಲ್ಲ. ಶನಿವಾರಗಳಂದು ಅಂಗಡಿಗೆ ಬಂದು, ಅವಳು ಗಾಜಿನ ಮೇಲೆ ಗೆರೆ ಎಳೆದು ಮುರಿಯುವುದನ್ನು ನೋಡುತ್ತ ಕೂರುತ್ತಿದ್ದ. ಆ ಮೌನ ಅವಳಿಗೆ ಎಂದೂ ಭಾರವೆನಿಸಲಿಲ್ಲ. ಅವನು ಬಾರದ ಶನಿವಾರ ಗಾಜು ನೇರವಾಗಿ ಮುರಿಯುತ್ತಲೂ ಇರಲಿಲ್ಲ.

"ಏನಕ್ಕಾ, ಲಿಫ್ಟಣ್ಣ ಮೇಲಕ್ಕೆ ಹೋಗ್ತಿದ್ದಾರಾ, ಕೆಳಕ್ಕಾ?" ಎಂದು ತಮ್ಮ ಕಾಡುತ್ತಿದ್ದ.

"ನಿನ್ನ ಪಾರ್ಸೆಲ್ ನೀನು ನೋಡ್ಕೋ."

ಒಂದು ದಿನ ಅವನು ಹಳೆಯ ಫೋಟೋ ತಂದ. ಸಮುದ್ರದ ದಡ. ಪ್ಯಾಂಟು ಮಡಚಿಕೊಂಡ ಗಂಡಸು, ಅವನ ಬೆರಳು ಹಿಡಿದ ಚಿಕ್ಕ ಹುಡುಗ.

"ಎಡಗಡೆ ಬಿಳಿ ರಟ್ಟು ಅಗಲವಾಗಿ ಬಿಡಿ. ಫೋಟೋ ಎಷ್ಟಿದೆಯೋ ಅಷ್ಟು."

"ಒಂದೇ ಕಡೆನಾ? ನೋಡಿದೋರು ನಂಗೆ ಅಳತೆ ಬರಲ್ಲ ಅಂತಾರೆ."

"ಅಂದ್ರೆ ಅನ್ಲಿ."

"ಯಾಕೆ ಹಾಗೆ?"

"ಸುಮ್ನೆ."

ಅವಳು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತೇನೋ…

ಮರು ಶನಿವಾರ ಅವನು ಮೇಜಿನ ಮೇಲೆ ಒಂದು ಲಕೋಟೆ ಇಟ್ಟ. ಕಿವಿಯವರೆಗೂ ಕೆಂಪಾಗಿದ್ದ.

ಒಳಗೆ ಮೂರು ಟಿಕೆಟ್. ಸಮುದ್ರದವರೆಗೆ, ಹೋಗಲಿಕ್ಕೂ ಬರಲಿಕ್ಕೂ. ಅಮ್ಮನಿಗೆ ಕಿಟಕಿ ಪಕ್ಕದ ಸೀಟು.

ಅವಳು ಅವನ್ನು ಬಹಳ ಹೊತ್ತು ನೋಡಿದಳು. ತಗಡಿನ ಗೋಡೆಯಲ್ಲಿ ನದಿ ಕಂಡವನು ಇವನೇ ತಾನೆ? ಹಾಗಾದರೆ ಆ ದಿನ ಅವನಿಗೆ ಕಂಡಿದ್ದು ನದಿಯಲ್ಲ. ಅವರ ತೇಪೆ ಹಾಕಿದ ಚೀಲ, ಮೂರು ಜನರಿಗೆ ನಾಲ್ಕು ಮೊಟ್ಟೆ… ಇಷ್ಟೇ ಕಂಡಿದ್ದು.

"ನಾವು ಕೇಳಿದ್ವಾ?"

"ಇಲ್ಲ. ನಾನೇ…"

"ಅದು ನಮ್ಮಪ್ಪನ ಆಟ. ನೀವು ಒಂದು ಲಕೋಟೇಲಿ ಅದನ್ನ ಬಡತನ ಮಾಡಿಬಿಟ್ರಿ."

ಅವನು ಲಕೋಟೆಯನ್ನು ತೆಗೆದುಕೊಂಡು, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಹೊರಟುಹೋದ. ಫೋಟೋ ಅಂಗಡಿಯಲ್ಲೇ ಉಳಿಯಿತು.

ಅವನ ಮೌನ ಅವಳಿಗೆ ಮೊದಲ ಬಾರಿ ನೋವಾಗಿ ತಾಗಿತು.

ಸಂಜೆ ಅಡುಗೆಮನೆಯಲ್ಲಿ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಒಳ್ಳೆ ಕೆಲಸ ಮಾಡಿದೆ ಎನ್ನುತ್ತಾಳೆ ಅಮ್ಮ, ಅಪ್ಪನ ಮಾನ ಉಳಿಸಿದೆ ಎನ್ನುತ್ತಾಳೆ, ಎಂದು ಕಾದಳು.

ಅಮ್ಮನ ಕೈ ನಿಂತಿತು.

"ವಾಪಸ್ ಕೊಡೋ ಮುಂಚೆ ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಅಮ್ಮಾ?"

"ನದಿ ನದಿ ಅಂತೀನಲ್ಲ ಪ್ರತಿ ಸಲ… ಬೇರೆ ಏನು ಹೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ. ನಾನು ರೈಲಲ್ಲಿ ಎಲ್ಲಿಗೆ ಹೋಗಿದ್ದೀನಿ ಹೇಳು?"

"ನಿಂಗೆ ಆ ಆಟ ಇಷ್ಟ ಇತ್ತು."

"ನಿಮಗಿಬ್ರಿಗೆ ಆಟ. ನಂಗೆ… ಸೀಟಿ ಕೇಳಿದಾಗೆಲ್ಲ ಇವತ್ತೊಂದಿನ ಇವರು ಇಳೀರಿ ಅನ್ನೋದು ಮರೆತುಬಿಡ್ಲಿ ಅನ್ನಿಸ್ತಿತ್ತು."

ಅವಳು ಕೇಳಿದಳು, "ಅಪ್ಪಂಗೆ ಗೊತ್ತಿತ್ತಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಗೋ ಏನೋ.

"ಗೊತ್ತಿಲ್ದೆ ಇರುತ್ತಾ? ಸ್ಟೇಷನ್ನಿಂದ ಮನೆ ತನಕ ನನ್ನ ಕೈ ಹಿಡ್ಕೊಂಡೇ ನಡೀತಿದ್ರು. ಬೇರೆ ಯಾವ ದಿನಾನೂ ಹಿಡೀತಿರ್ಲಿಲ್ಲ."

ಅವಳಿಗೆ ಆ ದಾರಿ ನೆನಪಾಯಿತು. ಅವಳೂ ತಮ್ಮನೂ ಸಿಪ್ಪೆ ಸುಲಿದ ಕಿತ್ತಳೆಗಾಗಿ ಜಗಳವಾಡುತ್ತ ಮುಂದೆ ಓಡುತ್ತಿದ್ದರು. ಹಿಂದೆ ಅಪ್ಪ ಅಮ್ಮ ನಿಧಾನವಾಗಿ ಬರುತ್ತಿದ್ದರು. ಅವಳು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ.

ಮರುದಿನ ಭಾನುವಾರ. ಅಂಗಡಿಗೆ ರಜೆ. ಅವಳು ಬೀಗ ತೆಗೆದು ಒಬ್ಬಳೇ ಕುಳಿತು ಆ ಫೋಟೋಗೆ ರಟ್ಟು ಕತ್ತರಿಸಿದಳು. ಎಡಗಡೆ ಫೋಟೋದಷ್ಟೇ ಅಗಲ ಬಿಟ್ಟಳು. ಗಾಜು ಕೂರಿಸಿ ದೂರ ಹಿಡಿದು ನೋಡಿದಾಗ ಅರ್ಥವಾಯಿತು. ಅದು ಖಾಲಿ ಜಾಗವಾಗಿರಲಿಲ್ಲ. ಹುಡುಗನ ಇನ್ನೊಂದು ಕೈ ಆ ಕಡೆಗೇ ಚಾಚಿತ್ತು, ಯಾರೋ ಹಿಡಿಯಬೇಕಿತ್ತೆನ್ನುವ ಹಾಗೆ.

ಸೋಮವಾರ ಪ್ಲಾಟ್‌ಫಾರ್ಮಿನಲ್ಲಿ ರೈಲು ಖಾಲಿ ನಿಂತಿತ್ತು. ಅವನು ಆಗಲೇ ಬಂದು ಕುಳಿತಿದ್ದ. ಅವಳು ಎದುರು ಕುಳಿತು ಫ್ರೇಮನ್ನು ಅವನ ಮಡಿಲಲ್ಲಿಟ್ಟಳು. ಬೆರಳನ್ನು ಬಿಳಿ ಜಾಗದ ಮೇಲೆ ಇಟ್ಟು ಕೇಳಿದಳು, "ಇಲ್ಲಿ… ನಿಮ್ಮಮ್ಮನಾ?"

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ, ಅಷ್ಟು ದಿನಗಳಲ್ಲಿ ಆಡದ ಮಾತನ್ನೆಲ್ಲ ಒಟ್ಟಿಗೆ ಆಡಿದ.

"ಮೂರನೇ ಟಿಕೆಟ್‌ಗೆ ಯಾವತ್ತೂ ದುಡ್ಡು ಸಾಲ್ತಿರ್ಲಿಲ್ಲ. ಪ್ರತಿ ಸಲ ಅಮ್ಮಾನೇ ಉಳೀತಿದ್ರು. ಮನೆ ನೋಡ್ಕೋಬೇಕಲ್ಲ ಅಂತ. ನಮ್ಮನೇಲಿ ಕದಿಯೋಕೆ ಏನಿತ್ತು ಅಂತ ನಂಗೆ ಹೊಳೆಯೋ ಹೊತ್ತಿಗೆ ಅವರೇ ಇರ್ಲಿಲ್ಲ. ಪ್ಲಾಟ್‌ಫಾರ್ಮಲ್ಲಿ ನಿಂತು ಕೈ ಬೀಸೋರು… ಆವತ್ತು ನಿಮ್ಮಮ್ಮ ಬೀಸಿದ್ರಲ್ಲ, ಹಾಗೇ."

ಅವಳು ಕಿಟಕಿಯಾಚೆ ನೋಡಿದಳು. ತಗಡಿನ ಗೋಡೆ ನೀರಿನಲ್ಲಿ ತೇಲಿದಂತಾಯಿತು.

"ಮೊದಲೇ ಹೇಳಬಾರದಿತ್ತಾ?"

"ಹೇಳೋಕೆ ಬಂದಿದ್ರೆ ಟಿಕೆಟ್ ಯಾಕೆ ತರ್ತಿದ್ದೆ?"

ಅವಳಿಗೆ ನಗು ಬಂತು, ಅಳುವಿನ ಒಳಗಿಂದಲೇ. "ಆ ಟಿಕೆಟ್ ಏನಾಯ್ತು?"

"ರದ್ದು ಮಾಡ್ಸಿದೆ. ಅರ್ಧ ದುಡ್ಡು ಮುರ್ಕೊಂಡ್ರು."

"ಒಳ್ಳೇದಾಯ್ತು. ನನ್ನ ಕೇಳದೆ ತಂದಿದ್ದಕ್ಕೆ." ಸ್ವಲ್ಪ ತಡೆದು ಹೇಳಿದಳು, "ನಾನೂ ಅಮ್ಮನ್ನ ಕೇಳದೆ ವಾಪಸ್ ಕೊಟ್ಟೆ. ಅದಕ್ಕೆ ನನ್ನಿಂದ ಎಷ್ಟು ಮುರ್ಕೋಬೇಕೋ."

ಸೀಟಿ ಕೇಳಿಸಿತು. ಅವಳು ಎದ್ದಳು. ಮೆಟ್ಟಿಲ ಮೇಲೆ ನಿಂತು ಹಿಂತಿರುಗಿದಳು.

"ಮುಂದಿನ ಭಾನುವಾರ ಬನ್ನಿ. ನಮ್ಮ ಟಿಕೆಟ್ ನಾವು ತಗೋತೀವಿ, ನಿಮ್ಮದು ನೀವು."

"ಎಲ್ಲಿಗೆ?"

"ನಮ್ಮ ಕೈಲಿ ಆಗೋಷ್ಟು ದೂರ."

ಆಗುವಷ್ಟು ದೂರವೆಂದರೆ ಮುಂದಿನ ಸ್ಟೇಷನ್. ಕಾಯ್ದಿರಿಸದ ಬೋಗಿಯಲ್ಲಿ ನಾಲ್ಕು ಟಿಕೆಟ್.

ಅಮ್ಮ ಒಳ್ಳೆಯ ಸೀರೆ ಉಟ್ಟು ಕಿಟಕಿ ಪಕ್ಕ ಕುಳಿತಿದ್ದಳು. ತಮ್ಮ ಸೀಟನ್ನು ಹೆಬ್ಬೆರಳಿಂದ ಒತ್ತಿ, "ಇದನ್ನ ಹೊಲಿದವನಿಗೆ ಮದುವೇನೇ ಆಗಿಲ್ಲ," ಎಂದು ತೀರ್ಪು ಕೊಟ್ಟ.

ಸೀಟಿ ಕೇಳಿದ ಕೂಡಲೇ ಅಮ್ಮ ಅಭ್ಯಾಸಬಲದಿಂದ ಎದ್ದು ಚೀಲ ಹಿಡಿದುಕೊಂಡಳು.

ಯಾರೂ ಅಲುಗಾಡಲಿಲ್ಲ. ಅಮ್ಮ ಮಗಳ ಮುಖ ನೋಡಿದಳು. ಮಗಳು 'ಇಳೀರಿ' ಎನ್ನಲಿಲ್ಲ.

"ಕೂತ್ಕೊಳ್ಳಿ ಅಮ್ಮ," ಎಂದ ಅವನು. "ನಿಮ್ಮೂರು ಇನ್ನೂ ಬಂದಿಲ್ಲ."

ತಗಡಿನ ಗೋಡೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಇಷ್ಟು ವರ್ಷ ಅದರ ಹಿಂದೆ ಇದ್ದದ್ದು ಒಂದು ಸಣ್ಣ ಹೊಲ, ಒಗೆದ ಬಟ್ಟೆ ಹರವಿದ ಹಗ್ಗ, ಒಂದು ಎಮ್ಮೆ. ತಮ್ಮ ಗೆದ್ದವನ ಹಾಗೆ ಎದೆ ಸೆಟೆಸಿದ. ಅಮ್ಮ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು. ಗಾಳಿಗೆ ಅವಳ ನರೆಗೂದಲು ಹಾರಾಡುತ್ತಿತ್ತು.

ಎದುರು ಸೀಟಿನಲ್ಲಿ ಮಗಳ ಕೈ ಅವನ ಕೈಯ ಪಕ್ಕದಲ್ಲಿತ್ತು. ಯಾವಾಗ ಸೇರಿತೋ ಇಬ್ಬರಿಗೂ ತಿಳಿಯಲಿಲ್ಲ.

"ಮುಂದಿನ ವರ್ಷ?" ಅವನು ಕೇಳಿದ.

"ಎರಡು ಸ್ಟೇಷನ್."

"ಅದರ ಮುಂದಿನ ವರ್ಷ ಮೂರು. ಹೀಗೇ ಹೋದ್ರೆ ಸಮುದ್ರ ಸೇರೋ ಹೊತ್ತಿಗೆ ನಮ್ಮ ತಲೆ ನರೆತಿರುತ್ತೆ, ಕಿಟಕಿ."

ತಮ್ಮನ ಬಾಯಿಂದ ಕೇಳಿರಬೇಕು; ಅಪ್ಪನ ನಂತರ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅವಸರ ಇದ್ಯಾ ನಿಮಗೆ?"

"ಇಲ್ಲ," ಎಂದ ಅವನು. "ಸ್ವಲ್ಪಾನೂ ಇಲ್ಲ."