ಸಿಡಿಲಾಳು ಕೊನೆಗೆ ಹೇಳಿದ್ದೇನು?

"ತಪ್ಪು! ಅವನು ಹೇಳಿದ್ದು ಅದಲ್ಲ!"

ಅರವತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

ಗ್ರಂಥಾಲಯದ ಮೇಲ್ಮಹಡಿಯ ಸಭಾಂಗಣ. ಭಾನುವಾರ ಬೆಳಿಗ್ಗೆ. ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ ದುಂಡು ಮುಖದ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ಪಕ್ಕದಲ್ಲಿದ್ದ ಅವಳ ಅತ್ತಿಗೆ ತೋಳು ಹಿಡಿದು ಜಗ್ಗುತ್ತಿದ್ದಳು.

"ಮುತ್ತು, ಕೂತ್ಕೊಳ್ಳೇ! ಮಾನ ಕಳೀಬೇಡ!"

ಮುತ್ತು ಕೂರಲಿಲ್ಲ.

ಅದು ಸಿಡಿಲಾಳು ಅಭಿಮಾನಿ ಬಳಗದ ಸಭೆ. ಮೂರು ಭಾಗಗಳ ಆ ಸಿನಿಮಾದ ಕೊನೆಯ ಭಾಗ ಬಂದು ಎರಡು ವಾರವಾಗಿತ್ತಷ್ಟೇ, ಅಭಿಮಾನಿಗಳು ಆಗಲೇ ಎರಡು ಪಂಗಡವಾಗಿ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು. ಎಲ್ಲ ಆ ಕೊನೆಯ ದೃಶ್ಯದ ಮಹಿಮೆ! ಊರನ್ನು ಉಳಿಸಲು ಬಿರುಗಾಳಿಯೊಳಗೆ ನುಗ್ಗುವ ಮೊದಲು ಸಿಡಿಲಾಳು ಮುಖವಾಡ ತೆಗೆಯುತ್ತಾನೆ. ದಪ್ಪ ಗಾಜಿನ ಬಾಗಿಲಿನ ಆಚೆ ಅವನ ಅಮ್ಮ. ಅವನು ಏನೋ ಹೇಳುತ್ತಾನೆ... ಸದ್ದೇ ಇಲ್ಲ. ಆಮೇಲೆ ಬೆಳಕು. ಅಷ್ಟೇ, ಸಿನಿಮಾ ಮುಗಿಯಿತು.

ಏನು ಹೇಳಿದ?

"ಮತ್ತೆ ಬರ್ತೀನಿ ಅಂದ, ಇನ್ನೇನು! ನಾಲ್ಕನೇ ಭಾಗ ಬಂದೇ ಬರುತ್ತೆ!" ಎಂದು ವೇದಿಕೆ ಮೇಲಿದ್ದ ಬಳಗದ ಅಧ್ಯಕ್ಷ ಆಗಷ್ಟೇ ತೀರ್ಪು ಕೊಟ್ಟಿದ್ದ. ವೃತ್ತಿಯಲ್ಲಿ ಅವನು ರೈಲು ನಿಲ್ದಾಣದ ಅನೌನ್ಸರ್. ಅವನ ಗಂಟಲಿಗೆ ಊರೇ ಮರುಳು. ಬಾಯಿ ಪೂರ್ತಿ ಮುಚ್ಚುವಷ್ಟು ದಪ್ಪ ಮೀಸೆ ಬಿಟ್ಟಿದ್ದರಿಂದ ಬಳಗದವರೆಲ್ಲ ಅವನನ್ನು 'ಮೀಸೆ' ಎಂದೇ ಕರೆಯುತ್ತಿದ್ದರು.

ಅವನು ಮೈಕನ್ನು ತುಟಿಗೆ ಒತ್ತಿಕೊಂಡ.

"ಅಲ್ಲ ಮೇಡಂ, ನಿಮಗೆ ಹೇಗೆ ಗೊತ್ತು? ಅವನು ನಿಮ್ಮ ಕಿವೀಲಿ ಬಂದು ಹೇಳಿ ಹೋದ್ನಾ?"

ಸಭೆ ಗೊಳ್ಳೆಂದು ನಕ್ಕಿತು.

ಮುತ್ತುವಿಗೆ ನಗು ಕಂಡಿತು. ಮಾತು ಕಾಣಲಿಲ್ಲ. ಅವನ ತೀರ್ಪನ್ನು ಅತ್ತಿಗೆ ತುಟಿಯಾಡಿಸಿ ದಾಟಿಸಿದ್ದಳು, ಈಗ ಅವಳು ನಾಚಿ ತಲೆ ತಗ್ಗಿಸಿದ್ದಳು.

"ಮೈಕ್ ಸ್ವಲ್ಪ ಕೆಳಗಿಳಿಸ್ತೀರಾ? ನಿಮ್ಮ ಬಾಯಿ ಕಾಣ್ತಿಲ್ಲ. ಮೀಸೆ ಬೇರೆ ಅಡ್ಡ. ನನಗೆ ಕಿವಿ ಕೇಳಲ್ಲ. ತುಟಿ ನೋಡಿ ಮಾತು ತಿಳ್ಕೊಳ್ತೀನಿ."

ನಗು ಅಲ್ಲಲ್ಲೇ ಸತ್ತುಹೋಯಿತು.

ಅನೌನ್ಸರನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. *ಅಯ್ಯೋ... ಏನು ಅಂದುಬಿಟ್ಟೆ ನಾನು!* ಅವನು ಮೈಕನ್ನು ಮೇಜಿನ ಮೇಲಿಟ್ಟ. ಮೆಟ್ಟಿಲಿಳಿದು ಸೀದಾ ಅವಳ ಸಾಲಿಗೇ ಬಂದ. ಒಂದು ಕೈಯಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದ!

"ತಪ್ಪಾಯ್ತು. ಅವನು ಏನು ಹೇಳಿದ, ದಯವಿಟ್ಟು ಹೇಳಿ."

ಮೀಸೆ ಎತ್ತಿ ಹಿಡಿದು ನಿಂತ ಆ ಗಂಡಸನ್ನು ನೋಡಿ ಅವಳಿಗೆ ನಗು ಬಂತು. ತಡೆದುಕೊಂಡಳು.

"ಮತ್ತೆ ಬರ್ತೀನಿ ಅನ್ನೋಕೆ ಮೊದಲು ತುಟಿ ಮುಚ್ಚಬೇಕು. ಅವನ ತುಟಿ ಮೊದಲು ದುಂಡಗಾಗುತ್ತೆ. ಮುಚ್ಚೋದು ಆಮೇಲೆ, ಅದೂ ಒಂದೇ ಸಲ. ಬಾಯಿ ಅಗಲ ಆಗಿ ಮತ್ತೆ ದುಂಡಗಾಗುತ್ತೆ. ಅವನು ಅಂದಿದ್ದು... ಊಟ ಮಾಡು."

"ಊಟ ಮಾಡು?!"

ಸಭೆಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಲೋಕ ಉಳಿಸೋಕೆ ಹೊರಟವನು ಆಡೋ ಮಾತಾ ಅದು? ಮೂರು ಸಿನಿಮಾ ಕಾದಿದ್ದು ಇದಕ್ಕಾ? ಅಧ್ಯಕ್ಷ ಲ್ಯಾಪ್‌ಟಾಪಿನಲ್ಲಿ ಆ ತುಣುಕು ಹಾಕಿದ. ಅರವತ್ತು ಜನ ತಮ್ಮ ತುಟಿ ಮೇಲೆ ಬೆರಳಿಟ್ಟುಕೊಂಡು 'ಊಟ ಮಾಡು', 'ಮತ್ತೆ ಬರ್ತೀನಿ' ಎಂದು ಒಂದೊಂದೇ ಸಲ ಹೇಳಿ ನೋಡಿದರು. ಮೊದಲ ಸಾಲಿನಲ್ಲಿದ್ದ ಭಾರಿ ಆಳು, ಲಾರಿ ಡ್ರೈವರ್, ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡ.

"ನಾನೂ ಅಷ್ಟೇ ಕಣ್ರೋ... ಲೋಡ್ ಹೊತ್ಕೊಂಡು ಹೊರಟಾಗ ಅಮ್ಮಂಗೆ ಅದೊಂದೇ ಮಾತು ಹೇಳಿ ಗಾಡಿ ಹತ್ತೋದು!"

ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತಿಗೆ ಬೀಗುತ್ತಲೇ ಇದ್ದಳು. "ನಮ್ಮ ನಾದಿನಿ ಅಂದ್ರೆ ಏನು ಅಂದ್ಕೊಂಡಿದ್ದಾರೆ! ಮೀಸೆ ಮಣ್ಣಾಗೋದು ಅಂದ್ರೆ ಇದೇ ಕಣೇ!"

* * *

ಮುಂದಿನ ಭಾನುವಾರ ಅಧ್ಯಕ್ಷ ವೇದಿಕೆ ಹತ್ತಿದಾಗ ಬಳಗ ಬಾಯಿ ಬಿಟ್ಟುಕೊಂಡು ನೋಡಿತು.

ಮೀಸೆ ಇರಲಿಲ್ಲ!

ಹತ್ತು ವರ್ಷ ಸಾಕಿದ ಮೀಸೆ. ಯಾಕೆ ತೆಗೆದೆ ಎಂದು ಯಾರು ಕೇಳಿದರೂ "ಸೆಖೆ" ಎಂದ. ಅವನ ಕಣ್ಣು ಮಾತ್ರ ಕೊನೆಯ ಸಾಲಿನ ಕಡೆಗೇ ಇತ್ತು. ಮುತ್ತು ತಲೆ ತಗ್ಗಿಸಿದಳು. *ನನಗೋಸ್ಕರನಾ? ಛೆ, ಇರಲಾರದು...*

ಇತ್ತು.

ಸಭೆ ಮುಗಿದ ಮೇಲೂ ಅವರ ಜಗಳ ಮುಗಿಯುತ್ತಿರಲಿಲ್ಲ. ಶಕ್ತಿಯನ್ನೆಲ್ಲ ಬಿಟ್ಟುಕೊಟ್ಟ ಸಿಡಿಲಾಳು ಸೋತ ಎಂದು ಅವನು. ಬಿಟ್ಟುಕೊಡೋಕೆ ಇನ್ನೂ ದೊಡ್ಡ ಎದೆ ಬೇಕು ಎಂದು ಅವಳು. ಹಾಗೆ ಜಗಳವಾಡುತ್ತಾ ಒಂದು ದಿನ ಅವನು ಅವಳ ಕೆಲಸದ ಜಾಗಕ್ಕೂ ಬಂದ.

ಮುತ್ತು ಹಲ್ಲು ಕಟ್ಟುವವಳು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ಮಾಡುವ ಕೆಲಸ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋದಾಗ ಮನೆಯವರು ಅವಳ ಬದುಕೇ ಹೋಯಿತೆಂದು ಅತ್ತಿದ್ದರು. ಈಗ ನಾಲ್ಕು ಜನ ಅವಳ ಕೈ ಕೆಳಗೆ ಕೆಲಸ ಕಲಿಯುತ್ತಿದ್ದರು.

"ಎಲ್ಲ ಹಲ್ಲೂ ಬಿಳಿಯಾಗಿ ಯಾಕಿಲ್ಲ?" ಎಂದು ಅವನು ಒಂದು ಸೆಟ್ಟನ್ನು ಎತ್ತಿ ನೋಡಿದ.

"ಇದು ಎಪ್ಪತ್ತು ವರ್ಷದ ಅಜ್ಜಿಗೆ. ಹಾಲಿನಂಥ ಬಿಳಿ ಕೊಟ್ರೆ ಕಟ್ಟಿಸಿದ ಹಲ್ಲು ಅಂತ ಗೊತ್ತಾಗಿಬಿಡುತ್ತೆ. ಒಂಚೂರು ಹಳದಿ, ಒಂದು ಹಲ್ಲು ಒಂಚೂರು ಓರೆ. ಆಗ ಅದು ಅವರದೇ ನಗು." ಅವಳು ತಲೆಯೆತ್ತಿದಳು. "ನಾನು ಕಟ್ಟಿದ ಹಲ್ಲುಗಳು ಊರ ತುಂಬಾ ನಗ್ತಾ ಓಡಾಡ್ತಿವೆ, ಗೊತ್ತಾ?"

ಅವನು ಆ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಜಿನ ಮೇಲಿಟ್ಟ.

ಎಲ್ಲರೂ ನನ್ನ ದನಿ ಮೆಚ್ಚುತ್ತಾರೆ, ಇವಳಿಗೆ ಅದು ಕೇಳುವುದೇ ಇಲ್ಲ. ಆದರೂ ನನ್ನ ಮಾತನ್ನು ಇವಳಷ್ಟು ಗಮನವಿಟ್ಟು ಯಾರೂ ಆಲಿಸಿಲ್ಲ... ಎಂದು ಅವನಿಗೆ ಅನಿಸತೊಡಗಿತ್ತು. ಅವಳ ಜೊತೆ ಮಾತಾಡುವಾಗ ಮುಖಕ್ಕೆ ಬೆಳಕು ಬೀಳುವಂತೆ ನಿಲ್ಲುವುದನ್ನು ಯಾರೂ ಹೇಳಿಕೊಡದೆ ಕಲಿತ. ತಿಂಗಳೊಂದರಲ್ಲಿ 'ರೀ' ಹೋಗಿ 'ನೀನು' ಬಂತು. ಯಾವತ್ತು ಎಂದು ಇಬ್ಬರಿಗೂ ನೆನಪಿಲ್ಲ.

* * *

ಸಿನಿಮಾ ನೂರು ದಿನ ಓಡಿತು. ಅದರ ಕಥೆ ಬರೆದ ಲೇಖಕಿಯೇ ಬಳಗದ ಚರ್ಚೆಗೆ ಬರಲು ಒಪ್ಪಿದರು! ಗ್ರಂಥಾಲಯದ ಮಹಡಿ ಎಲ್ಲಿ ಸಾಕು? ಚಿತ್ರಮಂದಿರವನ್ನೇ ಬಾಡಿಗೆಗೆ ಹಿಡಿದರು. ಸಾವಿರ ಜನ.

"ಎಲ್ಲರೆದುರು ನೀನೇ ಹೇಳ್ಬೇಕು. ಲೇಖಕಿ ಅಲ್ಲೇ ಇರ್ತಾರೆ. ಸರಿಯೋ ತಪ್ಪೋ ಅವತ್ತಿಗೆ ತೀರ್ಮಾನ ಆಗಿಬಿಡಲಿ," ಎಂದಿದ್ದ ಅವನು.

ಅಣ್ಣ ರಜೆ ಹಾಕಿ ಬಂದ. ಅತ್ತಿಗೆ ಸಿಡಿಲಾಳಿನ ಚಿತ್ರವಿದ್ದ ಅಂಗಿ ತೊಟ್ಟು ಬಂದಳು. ಮಧ್ಯಾಹ್ನ ಮುತ್ತು ವೇದಿಕೆಯ ಪಕ್ಕದಲ್ಲಿ ಕೂತು ತನ್ನ ಸರದಿ ಕಾಯುತ್ತಿದ್ದಳು.

ವೇದಿಕೆಯ ಆಚೆ ಬದಿಯಲ್ಲಿ ಅವನು ಲೇಖಕಿಯೊಂದಿಗೆ ಮಾತಾಡುತ್ತಿದ್ದ. ಇವಳ ಕಡೆ ಬೆರಳು ತೋರಿಸಿದ. ಅವನ ತುಟಿಗಳು ಆಡಿದವು.

*ಅಲ್ಲಿ ಕೂತಿದ್ದಾಳಲ್ಲ... ಅವಳು ನಮ್ಮ ಎಮ್ಮೆ.*

ಇಬ್ಬರೂ ಇವಳ ಕಡೆ ನೋಡಿ ನಕ್ಕರು.

ಮುತ್ತು ಮುಖ ತಿರುಗಿಸಿಕೊಂಡಳು.

ಎಮ್ಮೆ...! ಶಾಲೆಯಲ್ಲಿ ಅವಳಿಗಿದ್ದ ಹೆಸರು ಅದು. ದಪ್ಪಗಿದ್ದಳು, ಕರೆದರೆ ತಿರುಗುತ್ತಿರಲಿಲ್ಲ. 'ಕಿವುಡು ಎಮ್ಮೆ' ಎನ್ನುತ್ತಿದ್ದರು. ಬೆನ್ನ ಹಿಂದೆ ಅನ್ನಬೇಕೆಂದೂ ಇರಲಿಲ್ಲ, ಕೇಳುವುದಿಲ್ಲವಲ್ಲ ಎಂದು ಎದುರಿಗೇ ಅನ್ನುತ್ತಿದ್ದರು. ತುಟಿ ಓದಲು ಅವಳು ಮೊದಲು ಕಲಿತ ಪದವೇ ಅದು!

*ನೀನೂನಾ? ನೀನೂ ಅವರಂತೆಯೇನಾ?*

ಅವಳು ಎದ್ದಳು. ಹಿಂಬಾಗಿಲಿನಿಂದ ಹೊರಗೆ ನಡೆದುಬಿಟ್ಟಳು.

ಭಾನುವಾರ. ಕೆಲಸದ ಕೋಣೆ ಮುಚ್ಚಿತ್ತು, ಕೀಲಿ ಅವಳ ಬಳಿಯೇ ಇತ್ತು. ಒಳಗೆ ಹೋಗಿ ಅರ್ಧವಾಗಿದ್ದ ಸೆಟ್ಟೊಂದನ್ನು ಎತ್ತಿಕೊಂಡು ಉಜ್ಜತೊಡಗಿದಳು. ಕಣ್ಣು ಮಂಜಾಗಿ ಕೆಲಸ ಕಾಣುತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ, ಬಾಗಿಲು ತೆರೆದು ಬೆಳಕು ಮೇಜಿನ ಮೇಲೆ ಬಿತ್ತು. ತಲೆಯೆತ್ತಿದಳು. ಅವನು! ಓಡಿ ಬಂದು ಏದುಸಿರು ಬಿಡುತ್ತಿದ್ದ.

"ನಿನ್ನ ಹುಡುಕದ ಜಾಗ ಇಲ್ಲ! ಅತ್ತಿಗೆ ಅಳ್ತಾ ಕೂತಿದ್ದಾರೆ. ಏನಾಯ್ತು?"

"ಹೋಗು. ಸಾವಿರ ಜನ ಕಾಯ್ತಿದ್ದಾರೆ."

"ಕಾಯ್ಲಿ! ಮೈಕನ್ನ ಲಾರಿ ಡ್ರೈವರ್ ಕೈಗೆ ಕೊಟ್ಟು ಬಂದೆ. ಏನಾಯ್ತು ಹೇಳು, ಮುತ್ತು."

"ಎಮ್ಮೆ ಅಂದ್ಯಲ್ಲ!" ಅವಳ ದನಿ ಗೋಡೆಗೆ ಬಡಿದು ಬಂತು, ಎಷ್ಟು ಜೋರೆಂದು ಅವಳಿಗೇ ತಿಳಿಯದು. "ಅಷ್ಟು ದೊಡ್ಡವರ ಹತ್ತಿರ ನನ್ನ ತೋರಿಸಿ... ನಮ್ಮ ಎಮ್ಮೆ ಅಂದೆ. ನಾನೇ ನೋಡ್ದೆ. ಇಲ್ಲ ಅನ್ಬೇಡ!"

ಅವನು ಕಕ್ಕಾಬಿಕ್ಕಿಯಾದ.

"ಎಮ್ಮೆನಾ? ನಾನ್ಯಾಕೆ..."

ತಾನಾಡಿದ ಮಾತನ್ನು ಸದ್ದಿಲ್ಲದೆ ಒಮ್ಮೆ ತುಟಿಯಲ್ಲೇ ಆಡಿ ನೋಡಿಕೊಂಡ. ಅವನ ಕಣ್ಣು ಅಗಲವಾದವು. ಮೇಜಿನ ಮೇಲೆ ಪ್ಲಾಸ್ಟರ್ ಪುಡಿ ಹರಡಿತ್ತು. ಬಾಗಿ, ಬೆರಳಿನಿಂದ ದೊಡ್ಡದಾಗಿ ಬರೆದ.

ಹೆಮ್ಮೆ.

ಮುತ್ತು ನೋಡಿದಳು. ಮತ್ತೆ ಅವನ ಮುಖ ನೋಡಿದಳು.

"ಅವಳು ನಮ್ಮ ಹೆಮ್ಮೆ ಅಂದೆ ಕಣೇ..." ಎಂದ ಅವನು, ನಿಧಾನವಾಗಿ. "ಅವರು ಅದಕ್ಕೆ ನಕ್ಕು, ನಿಮ್ಮ ಮುಖದಲ್ಲೇ ಕಾಣುತ್ತಪ್ಪಾ ಅಂದ್ರು. ನನಗೂ ನಾಚಿಕೆ ಆಗಿ ನಕ್ಕೆ."

ಹ! ತುಟಿಯ ಮೇಲೆ ಎಂದೂ ಕಾಣದ ಅಕ್ಷರ. ಬರೀ ಉಸಿರು. ಇಪ್ಪತ್ತು ವರ್ಷ ತುಟಿ ಓದಿದವಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಹಳೇ ನೋವು ಅವಳಿಗಿಂತ ಮೊದಲೇ ಓದಿಬಿಟ್ಟಿತ್ತು.

ಅವಳಿಗೆ ನಗು ಬಂತು. ನಗುತ್ತಾ ಅಳು ಬಂತು. ಅಂಗೈಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಮುಖವೆಲ್ಲ ಪ್ಲಾಸ್ಟರ್ ಬಿಳಿಯಾಯಿತು.

"ನಾನು ಯಾವತ್ತೂ ತಪ್ಪಲ್ಲ ಅಂದ್ಕೊಂಡಿದ್ದೆ..."

"ಈಗ ನಡಿ."

"ಇನ್ನು ಯಾವ ಮುಖ ಇಟ್ಕೊಂಡು ಬರ್ಲಿ? ಅಲ್ಲೂ ತಪ್ಪಿದ್ರೆ?"

"ತಪ್ಪಿದ್ರೆ ತಪ್ಪಿದೆ ಅನ್ನು. ನನ್ನ ಹೆಮ್ಮೆ ಅದರಿಂದ ಕಮ್ಮಿ ಆಗಲ್ಲ."

* * *

ಮುತ್ತು ವೇದಿಕೆ ಹತ್ತಿದಾಗ ಕೆನ್ನೆಯ ಮೇಲೆ ಇನ್ನೂ ಬಿಳಿ ಗುರುತಿತ್ತು. ಸಾವಿರ ಮುಖಗಳು. ಮೈಕ್ ಹಿಡಿದಳು.

"ಮೊದಲು ಒಂದು ಮಾತು. ನಾನೂ ತಪ್ಪು ಓದ್ತೀನಿ. ಒಂದು ಗಂಟೆ ಹಿಂದೆ ತಪ್ಪು ಓದಿ, ಒಬ್ಬ ಒಳ್ಳೇ ಮನುಷ್ಯನ ಮೇಲೆ ಸುಮ್ನೆ ಸಿಟ್ಟಾದೆ. ಅದಕ್ಕೆ ನನ್ನ ಮಾತನ್ನ ಶಾಸನ ಅಂತ ತಗೋಬೇಡಿ. ಆದರೆ ಈ ದೃಶ್ಯಾನ ಹತ್ತೊಂಬತ್ತು ಸಲ ನೋಡಿದ್ದೀನಿ. ಪ್ರತಿ ಸಲವೂ ಅವನು ಅಮ್ಮಂಗೆ ಊಟ ಮಾಡು ಅಂತಾನೆ."

ಕೆಲವರು ಸಿಳ್ಳೆ ಹೊಡೆದರು. ಕೆಲವರು "ಇಲ್ಲ! ಇಲ್ಲ!" ಎಂದು ಕೂಗಿದರು. ಲೇಖಕಿ ಕುರ್ಚಿಯಿಂದ ಎದ್ದು ಬಂದು ಮುತ್ತುವಿನ ಎದುರಿಗೇ ನಿಂತರು. ಸಭೆಗೆ ಬೆನ್ನು ಹಾಕಿ, ಮೈಕನ್ನು ಗಲ್ಲದ ಕೆಳಗೆ ಹಿಡಿದು, ಅವಳಿಗೆ ಮುಖ ಕೊಟ್ಟು ಮಾತಾಡಿದರು.

"ನಮ್ಮ ಅಮ್ಮ ಆಸ್ಪತ್ರೇಲಿದ್ರು. ಗಾಜಿನ ಆಚೆಯಿಂದಲೇ ನೋಡ್ಬೇಕಿತ್ತು. ಹೇಳೋಕೆ ನೂರು ಮಾತಿತ್ತಮ್ಮಾ... ಬಾಯಿಂದ ಬಂದದ್ದು ಅದೊಂದೇ. ಅದನ್ನೇ ಬರೆದೆ. ಸಿನಿಮಾದವರು, ಜನ ನಗ್ತಾರೆ ಅಂತ ಸದ್ದು ತೆಗೆದ್ರು. ನೂರು ದಿನ ಆಯ್ತು. ನನ್ನ ಮಾತು ಕೇಳಿಸಿಕೊಂಡವಳು ನೀನೊಬ್ಬಳೇ."

ಚಪ್ಪಾಳೆ ಮುತ್ತುವಿಗೆ ಕೇಳಲಿಲ್ಲ. ಮರದ ವೇದಿಕೆ ಪಾದದ ಕೆಳಗೆ ನಡುಗುವುದು ಗೊತ್ತಾಯಿತು. ಸಾವಿರ ಜನರೂ ಎದ್ದು ನಿಂತಿದ್ದರು. ಮೂರನೇ ಸಾಲಿನಲ್ಲಿ ಅಣ್ಣ ಎರಡೂ ಕೈ ಮೇಲೆತ್ತಿ ಹುಚ್ಚನಂತೆ ಆಡಿಸುತ್ತಿದ್ದ. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಸಂಜೆ ಜನ ಕರಗತೊಡಗಿದಾಗ ಅವರಿಬ್ಬರೂ ಚಿತ್ರಮಂದಿರದ ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದರು. ಅತ್ತಿಗೆ ಲೇಖಕಿಯ ಸಹಿಗಾಗಿ ಒಳಗೆ ನೂಕಾಡುತ್ತಿದ್ದಳು. ಅವನು ಇಳಿಬಿಸಿಲಿಗೆ ಮುಖ ಮಾಡಿ ನಿಂತ.

"ಮುತ್ತು... ನೀನಂದ್ರೆ ನಂಗೆ ತುಂಬಾ ಇಷ್ಟ. ಜೀವನಪೂರ್ತಿ ನಿನ್ನ ಜೊತೆ ಜಗಳ ಆಡ್ತಾ ಇರ್ಬೇಕು ಅನ್ಸುತ್ತೆ. ಮದುವೆ ಆಗ್ತೀಯಾ?"

"ಏನು?"

ಅವನು ಇನ್ನೊಮ್ಮೆ ಹೇಳಿದ, ಬಿಡಿಸಿ ಬಿಡಿಸಿ.

"ಏನಂದೆ?"

ಮೂರನೇ ಸಲ ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಮೆಟ್ಟಿಲಿಳಿಯುತ್ತಿದ್ದ ಅಭಿಮಾನಿಗಳೆಲ್ಲ ನಿಂತು ನೋಡುತ್ತಿದ್ದರು.

ಮುತ್ತುವಿನ ಕಣ್ಣು ತುಂಬಿ ಬಂದವು.

"ಮೊದಲನೇ ಸಲವೇ ಗೊತ್ತಾಯ್ತು."

"ಅಯ್ಯೋ! ಮತ್ಯಾಕೆ ಇಷ್ಟು ಜನರ ಮುಂದೆ ಮೂರು ಸಲ ಹೇಳಿಸ್ದೆ?"

"ನೋಡೋಕೆ ಚೆನ್ನಾಗಿತ್ತು... ಅದಕ್ಕೆ."

"ಹಾಗಾದ್ರೆ ಉತ್ತರ?"

ಅವಳು ಅವನ ಕೈ ಹಿಡಿದುಕೊಂಡಳು.

"ಇನ್ನೊಂದೇ ಒಂದ್ಸಲ ಹೇಳು. ಹೂಂ ಅಂತೀನಿ."