ಆರನೆಯ ತಟ್ಟೆ

ಸೋಲ್ವೈ ಉಗುರಿನಿಂದ ಕೆರೆದೂ ಕೆರೆದೂ ಉಡುಗೊರೆ ಪೆಟ್ಟಿಗೆಯ ತಳದಲ್ಲಿದ್ದ ಬದಲಾವಣೆ ಚೀಟಿಯನ್ನು ಕಿತ್ತೇ ಬಿಟ್ಟಳು! ಕ್ರಿಸ್‌ಮಸ್‌ಗೆ ಕೊಡುವ ಪ್ರತಿ ಸಾಮಾನಿಗೂ ಅಂಗಡಿಯವರು ಅಂಟಿಸುವ ಚೀಟಿ ಅದು. ಹಬ್ಬ ಕಳೆದ ಮೇಲೆ ಅದನ್ನು ತೋರಿಸಿದರೆ ಬೇರೆ ಸಾಮಾನು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

"ಯಾಕೆ ಕಿತ್ತೆ?" ಗಂಡ ಆಸ್ಗೆರ್ ಗಾಬರಿಯಾದ.

"ಈ ಸಲ ನಿಮ್ಮಮ್ಮ ಹೇಗೆ ಬದಲಾಯಿಸ್ತಾರೋ ನಾನೂ ನೋಡ್ತೀನಿ!"

ಅವಳ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಮದುವೆಯಾದ ಮೊದಲ ಕ್ರಿಸ್‌ಮಸ್‌ನಲ್ಲಿ ಲೆಮ್ವಿಗ್ ಊರಿನ ಅತ್ತೆಯ ಆ ಪುಟ್ಟ ಮನೆಯಲ್ಲಿ ಅತ್ತೆ, ಗಂಡ, ನಾದಿನಿ, ಅವಳ ಗಂಡ, ಅವರ ಮಗಳು, ಐವರಿಗೂ ಒಂದೇ ಬಗೆಯ ತಟ್ಟೆ. ಸೋಲ್ವೈ ಮುಂದೆ ಮಾತ್ರ ಅಂಚು ಒಡೆದ ಬೇರೊಂದು! "ಹೊಸಬಳು ನೀನು, ಅಡ್ಜಸ್ಟ್ ಮಾಡ್ಕೋ" ಎಂದಿದ್ದಳು ಅತ್ತೆ ಗುಡ್ರುನ್. ಆಮೇಲೆ ಸೊಸೆ ಕೊಟ್ಟ ಟೀಪಾಟನ್ನು ಅತ್ತೆ ಡಿಸೆಂಬರ್ ಇಪ್ಪತ್ತೇಳಕ್ಕೇ ಅಂಗಡಿಗೆ ಹೊತ್ತೊಯ್ದಳು. ಮರುವರ್ಷ ದೀಪ. ಅದರ ಮರುವರ್ಷ ಮೇಜುಬಟ್ಟೆ. ಆಮೇಲೆ ಹೂದಾನಿ, ಟ್ರೇ... ಐದು ವರ್ಷದ ಐದು ಉಡುಗೊರೆಗಳಲ್ಲಿ ಒಂದಾದರೂ ಆ ಮನೆಯಲ್ಲಿ ಉಳಿಯಲಿಲ್ಲ. ತನ್ನದು ಅಂತ ಒಂದೇ ಒಂದು ವಸ್ತು ಅಲ್ಲಿ ಕಾಣಬೇಕು ಅನ್ನುವುದಷ್ಟೇ ಸೋಲ್ವೈಯ ಆಸೆ. ಈ ಸಲ ಅತ್ತೆಯ ಮೊಣಕಾಲು ನೋವು ನೆನೆದು ಉಣ್ಣೆಯ ಹೊದಿಕೆ ಹುಡುಕಿ ತಂದಿದ್ದಳು.

ಹಬ್ಬದ ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಕ್ರಿಸ್‌ಮಸ್ ಮರದ ಸುತ್ತ ಕೈಹಿಡಿದು ಹಾಡಿದರು. ಗುಡ್ರುನ್ ಹೊದಿಕೆಯತ್ತ ಕಣ್ಣೂ ಹಾಯಿಸದೆ ಪೆಟ್ಟಿಗೆಯನ್ನೇ ತಿರುಗಿಸಿ ನೋಡಿದಳು.

"ಚೀಟಿ ಎಲ್ಲಿ?"

"ಕಿತ್ತು ಹಾಕ್ದೆ! ಈ ಮನೇಲಿ ನನಗೆ ಒಡಕಲು ತಟ್ಟೆ, ನಾನು ಕೊಟ್ಟಿದ್ದಕ್ಕೆ ಅಂಗಡಿ ದಾರಿ... ನಾನೇನು ಪಾಪ ಮಾಡಿದೀನಿ ಅತ್ತೆ?"

ಗುಡ್ರುನ್ ಏನೋ ಹೇಳಲು ಬಾಯಿ ತೆರೆದಳು. ಆದರೆ ಹೊರಬಂದದ್ದು ಆ ಹಾಳು ಒಣ ಮಾತೇ. "ನನಗೆ ಹೊದಿಕೆ ಬೇಕಾಗಿರಲಿಲ್ಲ."

ಸೋಲ್ವೈ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಗುಡ್ರುನ್ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಳು. ಮೊಣಕಾಲ ಮೇಲೆ ಅದೇ ಹೊದಿಕೆಯಿತ್ತು. ಕೊನೆಗೂ ಇಟ್ಟುಕೊಂಡರಲ್ಲ ಎಂದು ಸೋಲ್ವೈಗೆ ಒಂದು ಕ್ಷಣ ಗೆದ್ದಂತೆಯೂ ಆಯಿತು!

ಮನೆ ಖಾಲಿ ಮಾಡುವಾಗ ಬೀರುವಿನಲ್ಲಿ ಸೋಲ್ವೈ ಉಡುಗೊರೆ ಕೊಳ್ಳುತ್ತಿದ್ದ ಅದೇ ಅಂಗಡಿಯ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ನೀಲಿ ಅಂಚಿನ ಐದು ಹೊಸ ತಟ್ಟೆಗಳು, ಮೇಲೊಂದು ಕಾರ್ಡು: "ಸೋಲ್ವೈಗೆ, ಗುಡ್ರುನ್‌ಳಿಂದ." ಅರ್ಥವಾಗದೆ ಅವಳು ಕಾರ್ಡು ಹಿಡಿದು ಅಂಗಡಿಗೆ ಓಡಿದಳು. ಅಂಗಡಿಯ ಇಂಗರ್ ಕಾರ್ಡು ನೋಡಿ ಕಣ್ಣು ಒರೆಸಿಕೊಂಡಳು.

"ನಿಂಗೆ ಒಡಕಲು ತಟ್ಟೇಲಿ ಬಡಿಸಿದ್ದು ಅವರಿಗೆ ಚುಚ್ತಾನೇ ಇತ್ತಮ್ಮ. ಅವರ ಹಳೇ ಸೆಟ್‌ನ ತಟ್ಟೆ ಈಗ ಬರಲ್ಲ, ಆರೂ ಹೊಸದೇ ಆಗಬೇಕಿತ್ತು. ಪಿಂಚಣೀಲಿ ಇಷ್ಟು ದುಬಾರಿ ತಟ್ಟೆ ಕೊಳ್ಳೋಕಾಗುತ್ತಾ? ನೀನು ಕೊಟ್ಟಿದ್ದನ್ನ ತಂದು ವರ್ಷಕ್ಕೊಂದು ತಗೊಂಡು ಹೋಗೋರು. ಅರ್ಧಂಬರ್ಧ ಕೊಡೋಕೆ ನಾಚಿಕೆ, ಆರೂ ಆದಮೇಲೆ ಕೊಡ್ತೀನಿ ಅಂತಿದ್ರು."

"ಈ ಸಲ...?"

"ಹೊದಿಕೆ ತಂದಿದ್ರು. ಚೀಟಿ ಇಲ್ಲ, ಹಿಂದೆ ಉದ್ದ ಸಾಲು... ಆಗಲ್ಲ ಅಂದುಬಿಟ್ಟೆ. 'ಪಾಪ, ಸೊಸೆ ಮರೆತಿದಾಳೆ, ಅವಳನ್ನೇನೂ ಅನ್ಬೇಡ' ಅಂದ್ರು. ಹೋಗ್ತಾ ಆ ಆರನೇ ತಟ್ಟೇನ ಒಂದ್ಸಲ ಮುಟ್ಟಿ ನೋಡಿ ಹೋದ್ರು."

ಸೋಲ್ವೈ ಆ ಕಾರ್ಡನ್ನು ಮತ್ತೆ ಕೈಗೆ ತೆಗೆದುಕೊಂಡಳು. ಮರೆತಿದ್ದಾಳಂತೆ... ಬೇಕೆಂದೇ ಕಿತ್ತದ್ದು ಅವರಿಗೆ ಗೊತ್ತಿದ್ದೂ! ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಮುದುಕಿಯ ಗಂಟೇನು ಹೋಗುತ್ತಿತ್ತು? ಐದು ವರ್ಷ ಸೊಸೆಗಾಗಿಯೇ ಯೋಚಿಸಿದಳು, ಸೊಸೆಯ ಮನಸ್ಸನ್ನು ಮಾತ್ರ ಒಂದು ದಿನವೂ ಯೋಚಿಸಲಿಲ್ಲ. ಈ ಸೊಸೆಯಾದರೂ ಯಾಕೆ ಅಂತ ಒಮ್ಮೆ ಕೇಳಿದಳೇ?

"ಆರನೇದನ್ನ ನಾನೇ ಕೊಡ್ತೀನಿ, ತಗೊಂಡು ಹೋಗು," ಎಂದಳು ಇಂಗರ್.

"ಬೇಡ," ಎಂದಳು ಸೋಲ್ವೈ.

ಮುಂದಿನ ಕ್ರಿಸ್‌ಮಸ್‌ಗೆ ಎಲ್ಲರೂ ಸೋಲ್ವೈಯ ಮನೆಯಲ್ಲೇ ಸೇರಿದರು. ನಾದಿನಿಯ ಮಗಳು ನೀಲಿ ತಟ್ಟೆಗಳನ್ನು ಜೋಡಿಸುತ್ತ ಎಣಿಸಿದಳು.

"ಐದು ಜನ, ಐದು ತಟ್ಟೆ. ಸರಿಹೋಯ್ತಲ್ಲ ಅತ್ತೆ!"

ಸೋಲ್ವೈ ತನ್ನ ಮುಂದಿದ್ದ ತಟ್ಟೆಯನ್ನು ಎತ್ತಿ, ಗುಡ್ರುನ್‌ಳ ಹೊದಿಕೆ ಮಡಿಸಿಟ್ಟಿದ್ದ ಖಾಲಿ ಕುರ್ಚಿಯ ಮುಂದೆ ಇಟ್ಟಳು. ಅತ್ತೆಯ ಮನೆಯಿಂದ ತಂದಿಟ್ಟಿದ್ದ ಆ ಅಂಚು ಒಡೆದ ತಟ್ಟೆಯನ್ನು ಅಲಮಾರಿಯಿಂದ ತೆಗೆದು, ಕೈಯಿಂದಲೇ ಒರೆಸಿ, ತನ್ನ ಜಾಗದಲ್ಲಿ ಇಟ್ಟುಕೊಂಡು ಊಟಕ್ಕೆ ಕೂತಳು.